ದರ್ಶನ ಮುಗಿಸಿ ಕೂರುವ ಕಟ್ಟೆ: ಪುಣೆಯ ಕರಿಕಲ್ಲಿನಲ್ಲಿ ಒಂದು ಬೆಂಚು

ದರ್ಶನವಾದ ಕೂಡಲೇ ಗುಡಿಯಿಂದ ಎದ್ದು ಹೊರಟುಬಿಡುವ ರೂಢಿ ನಮ್ಮಲ್ಲಿಲ್ಲ. ಪ್ರದಕ್ಷಿಣೆ ಮುಗಿಸಿ ಜಗಲಿಯ ಮೇಲೆ ಒಂದು ಗಳಿಗೆ ಕೂತು, ಆಮೇಲೆ ಚಪ್ಪಲಿ ಮೆಟ್ಟುತ್ತೇವೆ. ಪುಣೆಯ ಕೋಥರೂಡಿನ ಕನ್ನಡ ಮನೆಯೊಂದರವರು ಕೇಳಿದ್ದು ಆ ಜಗಲಿಯನ್ನೇ. ಮೂರನೆಯ ಮಹಡಿಯ ಫ್ಲ್ಯಾಟು, ಬಾಗಿಲ ಒಳಗೆ ಎಡಗೋಡೆಯ ಪಕ್ಕ ನಾಲ್ಕಡಿ ಜಾಗ. ‘ಊರ ಗುಡಿ ಕಟ್ಟೆ ಮೇಲೆ ಕೂತಂಗ ಆಗ್ಬೇಕ್ರಿ’ ಎಂಬುದು ಅವರ ಬೇಡಿಕೆ. ಕಲ್ಲು ಹುಡುಕಿದ ದಿನದಿಂದ ಬೆಂಚು ಕೂರಿಸಿದ ದಿನದವರೆಗೆ ಐದು ವಾರ ಹಿಡಿಯಿತು, ಅದರಲ್ಲಿ ಕೈ ಕೆಲಸ 19 ದಿನ. ಇಂಥದ್ದನ್ನು ಮಾಡಿಸುವವರಿಗೂ ಮಾಡುವವರಿಗೂ ಉಪಯೋಗವಾಗಲೆಂದು ಆ ಕೆಲಸವನ್ನು ಇಲ್ಲಿ ಬರೆದಿಟ್ಟಿದ್ದೇವೆ.

ಉಳಿ ಮುಟ್ಟುವ ಮುಂಚೆಯೇ ಒಂದು ವಿಷಯ ಇತ್ಯರ್ಥವಾಗಬೇಕು. ಪೂಜೆಯ ಕಲ್ಲುಗಳಿಂದ ಮನೆಯ ಪೀಠೋಪಕರಣಕ್ಕೆ ಏನನ್ನು ತರಬಹುದು, ಏನನ್ನು ತರಬಾರದು? ತಾವರೆ ದಳಗಳ ಪದ್ಮಪೀಠದಂಥ ಸ್ಟೂಲು, ಅಭಿಷೇಕದ ನೀರು ಹೊರಹೋಗುವ ಗೋಮುಖವಿರುವ ಶಿವಲಿಂಗದ ಪಾಣಿಪೀಠದಂಥ ಟೀಪಾಯಿ, ಒರಳಿನಂಥ ಆಸನ ಬೇಕೆಂದು ಕೇಳುವವರು ಬಹಳ. ಈ ಮೂರನ್ನೂ ನಾವು ಮಾಡುವುದಿಲ್ಲ. ದೇವರನ್ನು ಇಡುವ ದಳಗಳ ಮೇಲೆ ಮನುಷ್ಯ ಕೂರಬಾರದು. ಒರಳಿನ ಮೇಲೆ ಕೂರಬೇಡವೆಂದು ಮನೆಮನೆಯಲ್ಲೂ ಹಿರಿಯರು ಹೇಳಿರುತ್ತಾರೆ. ಅಂಥ ಕಲ್ಲನ್ನು ಆಸನ ಮಾಡಿ ಕೊಟ್ಟರೆ ನೋಡಲು ಚೆಂದ, ಆದರೆ ಮನೆಗೆ ಬಂದ ಅಜ್ಜಿ ಅದರ ಮೇಲೆ ಕೂರುವುದಿಲ್ಲ. ಅಧಿಷ್ಠಾನದ ಮಾತು ಬೇರೆ. ಗುಡಿಯ ಗೋಡೆ ಎದ್ದು ನಿಲ್ಲುವ ಆ ಪಾದಭಾಗದ ಅಂಚಿನಲ್ಲಿ ಜನ ಮೊದಲಿನಿಂದಲೂ ಕೂರುತ್ತಾ ಬಂದಿದ್ದಾರೆ. ಆದ್ದರಿಂದ ಬೆಂಚಿನ ಕಾಲಿಗೆ ಅಧಿಷ್ಠಾನದ ಪಟ್ಟಿಗಳನ್ನು ತಂದೆವು. ಪಾಣಿಪೀಠದಿಂದ ತಂದದ್ದು ಅದರ ಒಳಗಿನ ತರ್ಕವೊಂದನ್ನೇ: ಕಲ್ಲಿನ ಮೇಲೆ ಬಿದ್ದ ನೀರೆಲ್ಲ ಒಂದೇ ದಾರಿಯಲ್ಲಿ ಹೊರಗೆ ಹೋಗಬೇಕು. ಗೋಮುಖದ ಆಕಾರ ತರಲಿಲ್ಲ.

ಎತ್ತರ ಒಂದು ಮೊಳ. ಶಿಲ್ಪಿಗಳ ಲೆಕ್ಕದಲ್ಲಿ 24 ಅಂಗುಲ ಸೇರಿದರೆ ಒಂದು ಹಸ್ತ, ಅಂದರೆ ಹದಿನೆಂಟು ಇಂಚಿನ ಆಸುಪಾಸು. ಇವತ್ತಿನ ಕುರ್ಚಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಮೊಣಕಾಲು ನೋವಿರುವವರೂ ಸಲೀಸಾಗಿ ಏಳಬಹುದು. ನಾವು 450 ಮಿ.ಮೀ. ಇಟ್ಟೆವು. ಅದರಲ್ಲಿ ಕೆಳಗಿನಿಂದ ಉಪಾನ (ನೆಲಕ್ಕೆ ಕೂರುವ ಅಡಿಪಟ್ಟಿ) 50, ಜಗತಿ (ಅದರ ಮೇಲಿನ ನೇರ ಪಟ್ಟಿ) 100, ಕುಮುದ (ಹೊರಕ್ಕೆ ಉಬ್ಬಿದ ಪಟ್ಟಿ) 75, ಕಂಠ (ಒಳಸರಿದ ಕತ್ತು) 125. ಇವು ನಾಲ್ಕೂ ಕಾಲಿನ ಭಾಗ. ಮೇಲಿನ 100 ಮಿ.ಮೀ. ದಪ್ಪದ ಹಲಗೆಯೇ ಪಟ್ಟಿಕೆ. ಹಲಗೆಯ ಉದ್ದ 1200, ಅಗಲ 400. ಬಲದ ಲೆಕ್ಕಕ್ಕೆ 60 ದಪ್ಪ ಸಾಕಿತ್ತು. ಆದರೆ 60ರ ಹಲಗೆ ಇಂಥ ಕಾಲಿನ ಮೇಲೆ ರೊಟ್ಟಿಯಂತೆ ಕಾಣುತ್ತದೆ, ಗುಡಿಯ ಕಟ್ಟೆಯ ಗಾಂಭೀರ್ಯ ಬರುವುದಿಲ್ಲ.

ಕಲ್ಲು ಯಾವುದು ಎಂಬ ಚರ್ಚೆ ಹೆಚ್ಚು ಹೊತ್ತು ನಡೆಯಲಿಲ್ಲ. ಶಹಾಬಾದಿ ಫರಶಿ ಪುಣೆಯ ಹಳೆಯ ಮನೆಗಳಲ್ಲೆಲ್ಲ ಇದೆ, ನಮ್ಮ ಕಡೆಯದೇ ಕಲ್ಲು. ಆದರೆ ಅದು ಸುಣ್ಣದಕಲ್ಲು, ನಿಂಬೆರಸ ಬಿದ್ದ ಕಡೆ ಹೊಳಪು ಹೋಗುತ್ತದೆ. ಪದರಪದರವಾಗಿ ಸಿಗುವುದರಿಂದ ಆಳವಾದ ಪಟ್ಟಿ ಕೆತ್ತಲೂ ಒಗ್ಗುವುದಿಲ್ಲ. ಹೊಯ್ಸಳರು ಬಳಸಿದ ಬಳಪದ ಕಲ್ಲು ಕೆತ್ತುವವನಿಗೆ ಬೆಣ್ಣೆ, ಆದರೆ ಬೀಗದ ಕೈ ಉಜ್ಜಿದರೂ ಗೆರೆ ಬೀಳುತ್ತದೆ. ಬೆಂಚಿಗೆ ಅದು ಬೇಡ. ಪುಣೆಯ ಕಾಲಡಿಯಲ್ಲೇ ಇರುವುದು ಬಸಾಲ್ಟು, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಇಲ್ಲಿನವರ ಬಾಯಲ್ಲಿ ಅದು ಕಾಳಾ ಪತ್ಥರ್, ನಮಗೆ ಕರಿಕಲ್ಲು. ಘನ ಮೀಟರಿಗೆ ಸುಮಾರು 2,900 ಕಿಲೋ ತೂಗುತ್ತದೆ. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹಾಲಯವನ್ನು 8ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ ಕೊರೆದದ್ದು ಇದೇ ಕಲ್ಲಿನಲ್ಲಿ. ಕೆಲಸ ಪೂರ್ತಿಯಾಗದೆ ನಿಂತ ಗುಡಿಯದು. ಕರಿಕಲ್ಲಿನಲ್ಲಿ ಕೆಲಸ ಮಾಡುವವರು ಒಮ್ಮೆ ಹೋಗಿ ಅಲ್ಲಿನ ದುಂಡು ನಂದಿಮಂಟಪದ ಕೆಳಗೆ ನಿಲ್ಲಬೇಕು. ಸೂಕ್ಷ್ಮ ಕುಸುರಿಗಿಂತ ದಪ್ಪ ಆಕಾರ, ಗಟ್ಟಿ ನೆರಳು ಈ ಕಲ್ಲಿಗೆ ಎಷ್ಟು ಒಪ್ಪುತ್ತದೆಂದು ಕಣ್ಣಿಗೇ ಗೊತ್ತಾಗುತ್ತದೆ.

ಪುಣೆ ಹತ್ತಿರದ ವಾಘೋಲಿ ಕಡೆಯ ಕ್ವಾರಿಗಳಲ್ಲಿ ಕರಿಕಲ್ಲು ಬೆಟ್ಟದಷ್ಟಿದೆ, ಬೆಂಚಿಗಾಗುವ ಕಲ್ಲು ಮಾತ್ರ ಕಮ್ಮಿ. ಅಲ್ಲಿ ಕಲ್ಲು ಒಡೆಯುವುದು ಖಡಿಗಾಗಿ, ಅಂದರೆ ಜಲ್ಲಿಗಾಗಿ, ಮದ್ದಿಟ್ಟು ಸಿಡಿಸುತ್ತಾರೆ. ಸಿಡಿದ ಬಂಡೆ ಹೊರಗೆ ಎಷ್ಟೇ ಗಟ್ಟಿಯಾಗಿ ಕಂಡರೂ ಒಳಗೆ ಕೂದಲೆಳೆಯ ಬಿರುಕು ಇದ್ದೇ ಇರುತ್ತದೆ, ಕೆತ್ತನೆ ಮುಕ್ಕಾಲು ಮುಗಿದ ಹೊತ್ತಿಗೆ ಅದು ಬಾಯಿ ಬಿಡುತ್ತದೆ. ಆದ್ದರಿಂದ ಮದ್ದಿನ ಕುಳಿಯಿಂದ ದೂರವಿದ್ದ, ತನ್ನ ಸಹಜ ಸೀಳಿನಲ್ಲೇ ಬಿಟ್ಟುಕೊಂಡಿದ್ದ ಬಂಡೆಗಳನ್ನು ಮಾತ್ರ ನೋಡಿದೆವು. ಮೇಲಿನ ಕಂದು ಸಿಪ್ಪೆ ಎರಡು ಬೆರಳಿಗಿಂತ ದಪ್ಪವಿದ್ದುದನ್ನು ಕೈಬಿಟ್ಟೆವು.

ಆಮೇಲೆ ಎರಡು ಪರೀಕ್ಷೆ. ಮೊದಲನೆಯದು ಸದ್ದು. ಒಂದು ಕಿಲೋ ಸುತ್ತಿಗೆಯಿಂದ ಬಂಡೆಯ ಮೇಲೆ ಗೇಣಿಗೊಂದು ಪೆಟ್ಟು ಹಾಕುತ್ತಾ ಹೋಗಬೇಕು. ಗಟ್ಟಿ ಕಲ್ಲು ಗಂಟೆಯಂತೆ ಠಣ್ ಎನ್ನುತ್ತದೆ, ಬಿರುಕಿರುವ ಕಡೆ ಸದ್ದು ಸತ್ತಿರುತ್ತದೆ. ಕಲಬುರಗಿ ಕಡೆಯ ಮೇಸ್ತ್ರಿ ಎರಡನೆಯ ಬಂಡೆಗೆ ಕಿವಿಗೊಟ್ಟು, ‘ಇದು ಬದ್ದ ಅಂತೈತಿ, ಬ್ಯಾಡ್ರಿ’ ಎಂದರು. ಶಿಲ್ಪಶಾಸ್ತ್ರ ಕಲ್ಲನ್ನು ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸುವಾಗಲೂ ಈ ಸದ್ದನ್ನು ನೋಡುತ್ತದೆ: ಮೂರ್ತಿಗೆ ಪುರುಷಶಿಲೆ, ಪೀಠಕ್ಕೆ ಸ್ತ್ರೀಶಿಲೆ. ಎರಡನೆಯದು ನೀರು. ಬಂಡೆಯನ್ನು ಪೂರ್ತಿ ತೋಯಿಸಿ ಬಿಸಿಲಿಗೆ ಬಿಟ್ಟು, ಅಲ್ಲೇ ಕಾಯಬೇಕು. ಮೈ ಒಣಗುತ್ತಾ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಿರುಕು ಕುಡಿದ ನೀರನ್ನು ಬೇಗ ಬಿಡುವುದಿಲ್ಲ, ಅಲ್ಲಿ ಮಾತ್ರ ಕಪ್ಪು ಗೆರೆ ಉಳಿದಿರುತ್ತದೆ. ಸದ್ದಿನಲ್ಲಿ ಪಾಸಾಗಿದ್ದ ನಾಲ್ಕು ಬಂಡೆಗಳಲ್ಲಿ ಒಂದು ನೀರಿನಲ್ಲಿ ಸಿಕ್ಕಿಬಿತ್ತು. ಈ ಪರೀಕ್ಷೆಗೆ ಖರ್ಚು ಎರಡು ಕೊಡ ನೀರು, ಅರ್ಧ ಗಂಟೆ ಸಮಯ. ಬಿಟ್ಟರೆ ಎರಡು ವಾರದ ದುಡಿಮೆ ಮಣ್ಣುಪಾಲು.

ಆರಿಸಿದ ಬಂಡೆ 1350 ಉದ್ದ, 700 ಅಗಲ, 500 ದಪ್ಪ. ತೂಕ 1,370 ಕಿಲೋದಷ್ಟು. ಸೀಳುವಾಗ ಆಸೆಬುರುಕತನ ಕೂಡದು. ಹಲಗೆ ಬೇಕಾದದ್ದು 125 ದಪ್ಪ ಎಂದು ನೇರವಾಗಿ ಅಂಚಿನಿಂದ 125ಕ್ಕೆ ಬೆಣೆ ಇಟ್ಟರೆ ಸೀಳು ತೆಳುವಾದ ಕಡೆಗೆ ವಾಲಿ ಮಧ್ಯದಲ್ಲೇ ಹೊರಗೆ ಬಂದುಬಿಡುತ್ತದೆ. ಎರಡೂ ಕಡೆ ಸಮ ತೂಕವಿದ್ದರೆ ಮಾತ್ರ ಸೀಳು ನೆಟ್ಟಗೆ ಹೋಗುತ್ತದೆ. ಹಾಗಾಗಿ ಮೊದಲು 500ನ್ನು 250-250 ಮಾಡಿ, ಒಂದರ್ಧವನ್ನು ಮತ್ತೆ 125-125 ಮಾಡಿದೆವು. ಒಂದು ಹಲಗೆ ಕೆಲಸಕ್ಕೆ, ಇನ್ನೊಂದು ಆಪತ್ತಿಗೆ. ಉಳಿದ 250ರ ತುಂಡಿನಲ್ಲಿ ಎರಡು ಕಾಲು. ಗೆರೆಯುದ್ದಕ್ಕೂ 100 ಮಿ.ಮೀ.ಗೊಂದು ರಂಧ್ರ, ಆಳವೂ 100. ಪ್ರತಿ ರಂಧ್ರಕ್ಕೂ ಎರಡು ಕಬ್ಬಿಣದ ಪಟ್ಟಿ, ನಡುವೆ ಬೆಣೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಣೆಗೊಂದೇ ಪೆಟ್ಟು, ಆಮೇಲೆ ಎರಡು ನಿಮಿಷ ವಿರಾಮ, ಮತ್ತೆ ಮೊದಲಿನಿಂದ. ಸುತ್ತು ಹೆಚ್ಚಿದಂತೆ ಬೆಣೆಯ ಸ್ವರ ಏರುತ್ತದೆ. ಐದನೆಯ ಸುತ್ತಿನ ನಂತರ ಯಾರೂ ಹೊಡೆಯದೆ ಇದ್ದಾಗಲೇ ಕಲ್ಲಿನೊಳಗಿಂದ ಚಿಟಚಿಟ ಸದ್ದು ಬಂದು ಗೆರೆ ತೆರೆದುಕೊಂಡಿತು. ಬೇಗ ಆಗಲೆಂದು ಒಂದೇ ಬೆಣೆಗೆ ಜಡಿದರೆ ಆ ರಂಧ್ರದ ಬಾಯಿ ಒಡೆದು ಮೂಲೆ ಎಗರುತ್ತದೆ. ಕರಿಕಲ್ಲಿನಲ್ಲಿ ಪದರವಿಲ್ಲದ್ದರಿಂದ ಸೀಳಿದ ಮುಖ ಅಲೆಅಲೆಯಾಗಿಯೇ ಇರುತ್ತದೆ, ನಮ್ಮದರಲ್ಲಿ ಅಲ್ಲಲ್ಲಿ 12 ಮಿ.ಮೀ. ತನಕ ಏರಿಳಿತವಿತ್ತು. 100ರ ಹಲಗೆಗೆ 125 ಇಟ್ಟುಕೊಳ್ಳುವುದು ಇದಕ್ಕೇ.

ಷೆಡ್ಡಿನಲ್ಲಿ ಮೊದಲ ಉಳಿ ಪೆಟ್ಟಿಗೆ ಮುಂಚೆ ಕಲ್ಲಿಗೂ ಹತಾರಗಳಿಗೂ ಪೂಜೆ ಮಾಡುತ್ತಾರೆ. ಅರಿಶಿನ, ಕುಂಕುಮ, ಎರಡು ಊದುಬತ್ತಿ, ಕಾಯಿ. ಅದು ಆಗಲೇಬೇಕು. ಆದರೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಸಿ ಕಲ್ಲಿನ ಸೂಕ್ಷ್ಮ ರಂಧ್ರಕ್ಕೆ ಇಳಿದರೆ ಬಿಡುವುದಿಲ್ಲ. ಹಲಗೆಯ ಕೆಳಮುಖವನ್ನು ಮೇಲೆ ಮಾಡಿಟ್ಟು ಅಲ್ಲಿ ಹಚ್ಚಿದೆವು. ಈಗಲೂ ಬೆಂಚಿನಡಿ ಬಗ್ಗಿ ನೋಡಿದರೆ ಆ ಬೊಟ್ಟು ಕಾಣುತ್ತದೆ.

ಉಳಿಯ ವಿಷಯಕ್ಕೆ ಬಂದರೆ, ಟಂಗ್ಸ್ಟನ್ ಕಾರ್ಬೈಡ್ ತುದಿಯ ಉಳಿ ಅಂಗಡಿಯಲ್ಲಿ ಸಿಗುತ್ತದೆ, ದಿನಪೂರ್ತಿ ಬಾಳುತ್ತದೆ. ಕಾಲಿನ ಮೂಲೆಗಳಿಗೆ ಮಾತ್ರ ಕುಲುಮೆಯಲ್ಲಿ ತಟ್ಟಿಸಿದ ಉಕ್ಕಿನ ಮೊನೆಯುಳಿಯನ್ನೇ ಹಿಡಿದೆವು. ಕಾರ್ಬೈಡ್ ತುದಿ ಗಟ್ಟಿ ನಿಜ, ಆದರೆ ಓರೆ ಪೆಟ್ಟಿಗೆ ಚಕ್ಕೆಯೇಳುತ್ತದೆ. ಉಕ್ಕಿನದಕ್ಕೆ ಹದ ಸರಿಯಿರಬೇಕು. ತುದಿಯನ್ನು ಕೆಂಪಗೆ ಕಾಯಿಸಿ ಒಂದು ಬೆರಳುದ್ದ ಮಾತ್ರ ನೀರಿಗೆ ಅದ್ದಿ ತೆಗೆದು ಉಜ್ಜಿದರೆ, ಹಿಂದಿನ ಬಿಸಿ ತುದಿಗೆ ಹರಿದು ಬರುತ್ತಾ ಬಣ್ಣ ಬದಲಾಗುತ್ತದೆ. ಒಣಹುಲ್ಲಿನ ಹಳದಿ ಬಂದ ಗಳಿಗೆಯಲ್ಲಿ ಪೂರ್ತಿ ಮುಳುಗಿಸಬೇಕು. ನೀಲಿಯವರೆಗೆ ಬಿಟ್ಟರೆ ತುದಿ ಮೆತ್ತಗಾಗಿ ಕಲ್ಲಿನ ಮೇಲೆ ಮಡಚುತ್ತದೆ, ಹಳದಿಗೂ ಮುಂಚೆ ಅದ್ದಿದರೆ ಗಾಜಿನಂತೆ ಮುರಿಯುತ್ತದೆ. ಹೀಗೆ ತಟ್ಟಿಸಿದರೂ ಕರಿಕಲ್ಲಿಗೆ ದಿನಕ್ಕೆ ಐದಾರು ಉಳಿ ಮೊಂಡಾಗುತ್ತವೆ.

ಕಾಲು ಕೆತ್ತಲು ತಗಡಿನಲ್ಲಿ ಪಟ್ಟಿಗಳ ಅಚ್ಚು ಕತ್ತರಿಸಿಕೊಂಡೆವು. ಕಾವಿ ಅದ್ದಿದ ದಾರ ಎಳೆದು ಬಿಟ್ಟು ಗೆರೆ ಹಾಕುವುದು ಹಳೆಯ ಪದ್ಧತಿ. ಈಗ ನೀರು ಬಿಟ್ಟುಕೊಂಡು ಕತ್ತರಿಸುವುದರಿಂದ ಕಾವಿ ತೊಳೆದುಹೋಗುತ್ತದೆ, ಹಾಗಾಗಿ ಅದೇ ಗೆರೆಯ ಮೇಲೆ ಕಾರ್ಬೈಡ್ ಮೊನೆಯಿಂದ ಗೀರಬೇಕು. ಕಂಠ ಎಲ್ಲ ಕಡೆಯಿಂದಲೂ 25 ಮಿ.ಮೀ. ಒಳಗೆ. ಅಲ್ಲಿನ ನೆರಳೇ ಬೆಂಚನ್ನು ನೆಲದಿಂದ ಎತ್ತಿ ತೋರಿಸುವುದು, ಹಾಗಾಗಿ ಅದರಲ್ಲಿ ಒಂದು ಮಿಲಿಮೀಟರನ್ನೂ ಬಿಡಲಿಲ್ಲ. ಕುಮುದ ಮೂರು ಪಟ್ಟೆಯದು. ದುಂಡು ಕುಮುದ ಚೆಂದವೇ, ಆದರೆ ಕರಿಕಲ್ಲಿಗೆ ಪಟ್ಟೆ ಕುಮುದ ಹೆಚ್ಚು ಒಪ್ಪುತ್ತದೆ. ಬೆಳಕು ಮೂರು ಬೇರೆ ಬೇರೆ ಬೂದಿಯಾಗಿ ಬೀಳುತ್ತದೆ.

ತಪ್ಪಾದದ್ದೂ ಈ ಕುಮುದದಲ್ಲೇ. ಅಂಚಿನ ಹತ್ತಿರ ಉಳಿಯನ್ನು ಯಾವಾಗಲೂ ಅಂಚಿನಿಂದ ಕಲ್ಲಿನ ಒಳಮೈಗೆ ಹೊಡೆಯಬೇಕು. ಸಂಜೆ ಹೊತ್ತಿನಲ್ಲಿ ಒಬ್ಬರು ಕಲ್ಲನ್ನು ತಿರುಗಿಸುವ ಶ್ರಮ ಉಳಿಸಲು ಒಳಗಿನಿಂದ ಹೊರಕ್ಕೆ ಒಂದೇ ಪೆಟ್ಟು ಹಾಕಿದರು, ಹೆಬ್ಬೆರಳಿನುಗುರಿನಷ್ಟು ಚಕ್ಕೆ ಎಗರಿತು, ಆಳ 4 ಮಿ.ಮೀ. ಎಪಾಕ್ಸಿಯಲ್ಲಿ ಕಲ್ಲಿನ ಪುಡಿ ಕಲಸಿ ತುಂಬಿದರೆ ಮೊದಲ ತಿಂಗಳು ಗೊತ್ತಾಗುವುದಿಲ್ಲ, ಆಮೇಲೆ ಅದು ಹಳದಿಗೆ ತಿರುಗಿ ಮಚ್ಚೆಯಾಗುತ್ತದೆ. ಆ ಕಾಲಿನ ಕುಮುದದ ಮೂರೂ ಪಟ್ಟೆಗಳನ್ನು 4 ಮಿ.ಮೀ. ಇಳಿಸಿದೆವು, ಜೋಡಿ ಸಮವಾಗಲೆಂದು ಇನ್ನೊಂದು ಕಾಲಿನದನ್ನೂ ಇಳಿಸಿದೆವು. ಎರಡು ದಿನ ಹೋಯಿತು. ಕೆತ್ತುವ ಮುಂಚೆ 53 ಕಿಲೋ ಇದ್ದ ಕಾಲು ಕೊನೆಗೆ 43ರ ಹತ್ತಿರ ಬಂತು.

ಹಲಗೆಯ ಮೇಲ್ಮೈಯಲ್ಲಿ ಕೂರುವ ತಗ್ಗು ಇರಬೇಕು. ಸಪಾಟು ಕಲ್ಲಿನ ಮೇಲೆ ಹತ್ತು ನಿಮಿಷ ಕೂತರೆ ಮೂಳೆ ಒತ್ತುತ್ತದೆ, ಹಳೆಯ ಕಟ್ಟೆ ಹಿತವಾಗಿರುವುದು ನೂರಾರು ವರ್ಷ ಜನ ಕೂತು ಸವೆದದ್ದರಿಂದ. ಮೊದಲ ನಕ್ಷೆಯಲ್ಲಿ ತಗ್ಗು ತಟ್ಟೆಯಂತೆ ನಾಲ್ಕೂ ಕಡೆ ಮುಚ್ಚಿತ್ತು. ಮನೆ ಒರೆಸುವವರು ಬೆಂಚನ್ನೂ ತೊಳೆಯುತ್ತಾರೆ, ಆಗ ನೀರು ಅಲ್ಲೇ ನಿಂತು ಒಣಗಿ ಬಿಳಿ ಉಂಗುರ ಬಿಡುತ್ತದೆ. ಪಾಣಿಪೀಠದ ತರ್ಕ ಇಲ್ಲಿ ಕೆಲಸಕ್ಕೆ ಬಂತು. ತಗ್ಗನ್ನು ಉದ್ದಕ್ಕೆ ಓಡಿಸಿ ಒಂದು ತುದಿಯಲ್ಲಿ 5 ಮಿ.ಮೀ., ಇನ್ನೊಂದು ತುದಿಯಲ್ಲಿ 15 ಮಿ.ಮೀ. ಆಳ ಮಾಡಿ, ಆಳದ ತುದಿಯನ್ನು ತೆರೆದೇ ಬಿಟ್ಟೆವು. ಕೂತವರಿಗೆ ಈ ಇಳಿಜಾರು ತಿಳಿಯುವುದೇ ಇಲ್ಲ, ನೀರಿಗೆ ತಿಳಿಯುತ್ತದೆ. ಆ ತುದಿಯ ಕೆಳಮುಖದಲ್ಲಿ ಅಂಚಿನಿಂದ 20 ಮಿ.ಮೀ. ಒಳಗೆ, 8 ಅಗಲ 5 ಆಳದ ತೋಡು ಕೊರೆದೆವು. ಅದಿಲ್ಲದಿದ್ದರೆ ನೀರು ಅಂಚಿನಲ್ಲಿ ತೊಟ್ಟಿಕ್ಕದೆ ಹಲಗೆಯ ಅಡಿಗೆ ಹರಿದು ಕಾಲಿನ ಸಂದಿಗೆ ಸೇರುತ್ತದೆ.

ತಗ್ಗು ತೆಗೆಯಲು 50 ಮಿ.ಮೀ.ಗೊಂದು ಗ್ರೈಂಡರಿನಲ್ಲಿ ಕಚ್ಚು ಹಾಕಿ, ನಡುವಿನ ದಿಣ್ಣೆಗಳನ್ನು ಉಳಿಯಿಂದ ಎಬ್ಬಿಸಬೇಕು. ಕಚ್ಚು ಬೇಕಾದ ಆಳಕ್ಕಿಂತ 2 ಮಿ.ಮೀ. ಕಡಿಮೆಯೇ ಇರಲಿ. ಕೊನೆಯ ಎರಡು ಮಿಲಿಮೀಟರು ಕೈಗೆ ಬಿಟ್ಟದ್ದು. ಬ್ಲೇಡು ಒಮ್ಮೆ ಆಳಕ್ಕೆ ಇಳಿದರೆ ಆ ಗೆರೆಯನ್ನು ಯಾವ ಪಾಲಿಷೂ ಮುಚ್ಚುವುದಿಲ್ಲ.

ಇಲ್ಲೇ ಪುಣೆಯ ಕಲ್ಲಿನ ನಿಜವಾದ ಕಾಟ ಎದುರಾಯಿತು. ಲಾವಾದಲ್ಲಿ ಸಿಕ್ಕಿಕೊಂಡಿದ್ದ ಗಾಳಿಗುಳ್ಳೆಗಳಲ್ಲಿ ಆಮೇಲೆ ಜಿಯೊಲೈಟ್ ಹರಳು ಬೆಳೆದಿರುತ್ತದೆ. ವಾಘೋಲಿಯ ಹರಳುಗಳು ಖನಿಜ ಸಂಗ್ರಹಕಾರರಲ್ಲಿ ಲೋಕಪ್ರಸಿದ್ಧ, ಕೆತ್ತುವವರ ಪಾಲಿಗೆ ಮಾತ್ರ ಅದು ಹಲ್ಲಿನ ಹುಳುಕು. ಕಡಿಮೆ ಆಳದ ತುದಿಯೆಂದು ಗುರುತು ಮಾಡಿದ್ದ ಕಡೆ ಬಟಾಣಿ ಗಾತ್ರದ ಬಿಳಿ ಗುಳ್ಳೆ ಬಂತು. ಮೊಳೆಯ ತುದಿಯಿಂದ ಕೆದಕಿದರೆ ಹರಳು ಪುಡಿಪುಡಿಯಾಗಿ ಉದುರಿ 7 ಮಿ.ಮೀ. ಆಳದ ಕುಳಿ ಉಳಿಯಿತು. ಪುಣ್ಯಕ್ಕೆ ಇನ್ನೂ ತಗ್ಗು ತೆಗೆಯುವುದು ಶುರುವಿನಲ್ಲೇ ಇತ್ತು. ಹಲಗೆಯ ದಿಕ್ಕನ್ನೇ ಬದಲಿಸಿ ಆ ತುದಿಯನ್ನು 15 ಮಿ.ಮೀ. ಆಳದ ತುದಿ ಮಾಡಿದೆವು, ಗುಳ್ಳೆ ಕೆತ್ತನೆಯಲ್ಲೇ ಹೊರಟುಹೋಯಿತು. ಆಳದ ತುದಿ ಯಾವುದೆಂದು ನಿರ್ಧರಿಸುವ ಮುಂಚೆ ಮೇಲ್ಮೈಯನ್ನೆಲ್ಲ 2–3 ಮಿ.ಮೀ. ತೆಗೆದು ತೋಯಿಸಿ ನೋಡಬೇಕಿತ್ತು. ಈಗ ಹಾಗೇ ಮಾಡುತ್ತೇವೆ.

ದೂಳಿನ ಬಗ್ಗೆ ಒಂದು ಮಾತು. ಗ್ರಾನೈಟಿಗೆ ಹೋಲಿಸಿದರೆ ಕರಿಕಲ್ಲಿನಲ್ಲಿ ಬಿಡಿ ಸಿಲಿಕಾ ಬಹಳ ಕಡಿಮೆ. ಆದರೂ ಅದೇ ಷೆಡ್ಡಿನಲ್ಲಿ ಪಕ್ಕದವರು ಗ್ರಾನೈಟ್ ಕೊಯ್ಯುತ್ತಿರುತ್ತಾರೆ. ಬ್ಲೇಡಿಗೆ ಸದಾ ನೀರು, ಮೂಗಿಗೆ ಎನ್95 ಅಥವಾ ಅದಕ್ಕೂ ಮೇಲಿನ ಮಾಸ್ಕು. ಮುಖಕ್ಕೆ ಸುತ್ತಿದ ಟವೆಲ್ಲು ಸಿಲಿಕಾವನ್ನು ತಡೆಯುವುದಿಲ್ಲ. ಅದೊಂದನ್ನೇ ಸುತ್ತಿಕೊಂಡು ಬಂದವರಿಗೆ ಕೆಲಸ ಕೊಡುವುದಿಲ್ಲ ಎಂಬಷ್ಟು ನಿಷ್ಠುರವಾಗಿ ಇರಬೇಕು. ಸಿಲಿಕಾ ದೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್‌ಗೆ ವಾಸಿ ಮಾಡುವ ಮದ್ದಿಲ್ಲ.

ಮೆರುಗು ಮೂರು ಬಗೆ. ಹಲಗೆಯ ಕೆಳಮುಖ ಸೀಳಿದ ಹಾಗೆಯೇ ಉಳಿಯಿತು, ಕಾಲು ಕೂರುವ ಜಾಗ ಮಾತ್ರ ಸಮತಟ್ಟು. ಪಕ್ಕಗಳಿಗೆ 8 ಮಿ.ಮೀ. ಅಂತರದಲ್ಲಿ ಮೊನೆಯುಳಿಯ ನಿಲುಗೆರೆ. ಕೂರುವ ಮೇಲ್ಮೈಗೆ ವಜ್ರದ ಪ್ಯಾಡು 50, 100, 200, 400, ಅಲ್ಲಿಗೆ ನಿಲ್ಲಿಸಿದೆವು. 3000ದವರೆಗೆ ಒಯ್ದರೆ ಕನ್ನಡಿಯಾಗುತ್ತದೆ, ಆದರೆ ಬೆರಳಚ್ಚು, ಎಣ್ಣೆ ಎಲ್ಲ ಅದರ ಮೇಲೆ ಎದ್ದು ಕಾಣುತ್ತದೆ, ಒದ್ದೆಯಾದರೆ ಜಾರುತ್ತದೆ. 400ರಲ್ಲಿ ಕೈಯಾಡಿಸಿದರೆ ಬಹುಕಾಲ ಬಳಸಿದ ಸಾಣೆಕಲ್ಲಿನ ನಯವಿರುತ್ತದೆ, ಹೊಳಪಿರುವುದಿಲ್ಲ. ಹೊಳಪು ಕೂತು ಕೂತು ಬರಲಿ. ಒಂದು ಪ್ಯಾಡಿನಿಂದ ಮುಂದಿನದಕ್ಕೆ ಹೋಗುವಾಗ ಹಿಂದಿನದರ ಮರಳನ್ನು ಪೂರ್ತಿ ತೊಳೆಯದಿದ್ದರೆ 50ರ ಒಂದು ಕಣ 400ರ ಮೈಯಲ್ಲಿ ಸುರುಳಿ ಗೀರು ಎಳೆಯುತ್ತದೆ. ಉಜ್ಜಲು ನೈಲಾನ್ ಬ್ರಷ್ಷೇ ಬೇಕು. ತಂತಿ ಬ್ರಷ್ಷಿನ ಕಬ್ಬಿಣದ ಕಣ ಕಲ್ಲಿನಲ್ಲಿ ಉಳಿದು ಮೊದಲ ಮಳೆಗಾಲದಲ್ಲೇ ತುಕ್ಕಿನ ಚುಕ್ಕೆಯಾಗುತ್ತದೆ.

ಕಾಲಿಗೂ ಹಲಗೆಗೂ ನಡುವೆ ಗೂಟ. ಹಳೆಯ ಕಟ್ಟಡಗಳಲ್ಲಿ ಕಬ್ಬಿಣದ ಗೂಟ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳಿರುವುದನ್ನು ನೋಡಬಹುದು. ಅದಕ್ಕೇ ನಮ್ಮ ಗೂಟ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 16 ಮಿ.ಮೀ. ವ್ಯಾಸ, ಕಾಲಿಗೆ ಎರಡರಂತೆ ನಾಲ್ಕು. ರಂಧ್ರ 20 ಮಿ.ಮೀ. ವ್ಯಾಸ, ಕಾಲಿನಲ್ಲಿ 60 ಆಳ, ಹಲಗೆಯಲ್ಲಿ 50. ಎಪಾಕ್ಸಿ ಹಾಕಿದ್ದು ಕಾಲಿನ ಕಡೆ ಮಾತ್ರ. ಹಲಗೆಯ ಕಡೆ ಗೂಟ ಒಣದಾಗಿ ಕೂರುತ್ತದೆ, ನಡುವೆ 2 ಮಿ.ಮೀ. ನಿಯೋಪ್ರೀನ್ ಹಾಳೆ. ಮನೆ ಬದಲಿಸುವಾಗ ಹಲಗೆಯನ್ನು ನೆಟ್ಟಗೆ ಮೇಲೆತ್ತಿದರೆ ಬೆಂಚು ಮೂರು ತುಂಡಾಗುತ್ತದೆ. ಎರಡೂ ಕಡೆ ಅಂಟಿಸಿಬಿಟ್ಟರೆ ಒಂದು ದಿನ ಯಾರೋ ಸುತ್ತಿಗೆ ತರುತ್ತಾರೆ.

ನೀರು ಒಳಗಿಳಿಯದಂತೆ ಸೀಲರ್ ಹಚ್ಚುವುದು ತಾಳ್ಮೆಯ ಕೆಲಸ. ಮೂರ್ತಿಗೆ ಹಚ್ಚುವಂತೆ ಎಣ್ಣೆ ಹಚ್ಚಿದರೆ ಕಲ್ಲು ಕಡುಗಪ್ಪಾಗಿ ಮನಸೂರೆಗೊಳ್ಳುತ್ತದೆ, ಆದರೆ ಕೂತವರ ಬಟ್ಟೆಗೂ ಹತ್ತುತ್ತದೆ. ಒಳಕ್ಕೆ ಇಳಿಯುವ ಸಿಲೇನ್ ಸೀಲರನ್ನು ಎರಡು ಸಲ ಹಚ್ಚಿದೆವು, ಹೆಚ್ಚಾದದ್ದನ್ನು ಹದಿನೈದು ನಿಮಿಷದೊಳಗೆ ಒರೆಸಿ ತೆಗೆದೆವು. ಅದಕ್ಕೆ ಮುಂಚೆ ಕಲ್ಲು ಪೂರ್ತಿ ಒಣಗಿರಬೇಕು. ಬೇಸಿಗೆಯಲ್ಲಿ ಎರಡು ದಿನ ಸಾಕು, ನಮಗೆ ಜುಲೈ ತಿಂಗಳಾದ್ದರಿಂದ ಫ್ಯಾನಿನ ಕೆಳಗೆ ಎಂಟು ದಿನ ಇಟ್ಟೆವು. ಒದ್ದೆ ಕಲ್ಲಿಗೆ ಹಚ್ಚಿದರೆ ಮಂಜು ಕವಿದಂತೆ ಬಿಳಿಯ ಪೊರೆ ಕೂರುತ್ತದೆ, ಅದನ್ನು ತೆಗೆಯಲು ಮತ್ತೆ 200ರ ಪ್ಯಾಡಿನಿಂದ ಶುರು.

ಸಾಗಿಸುವ ದಿನ ಒಟ್ಟು ತೂಕ ಸುಮಾರು 215 ಕಿಲೋ, ಅದರಲ್ಲಿ ಹಲಗೆಯೇ 130. ಹಲಗೆಯನ್ನು ಎಂದೂ ಮಲಗಿಸಿ ಹೊರಬಾರದು, ಅಂಚಿನ ಮೇಲೆ ನಿಲ್ಲಿಸಿಯೇ ಹೊರಬೇಕು. ಮಲಗಿಸಿ ಹೊತ್ತು ನಡುವೆ ಒಬ್ಬರು ಎಡವಿದರೆ ಕಲ್ಲು ತನ್ನ ತೂಕಕ್ಕೇ ಮುರಿಯುತ್ತದೆ. ಆರು ಜನರ ಲಿಫ್ಟಿನ ಮಿತಿ 408 ಕಿಲೋ, ಹಲಗೆಯ ಜೊತೆ ಇಬ್ಬರೇ ಹೋದೆವು. ಮನೆಯೊಳಗೆ ವಿಟ್ರಿಫೈಡ್ ಟೈಲಿನ ಮೇಲೆ ಪ್ಲೈವುಡ್ ಹಾಸಿ, ಒಂದಿಂಚಿನ ಜಿಐ ಪೈಪುಗಳ ಮೇಲೆ ಉರುಳಿಸಿದೆವು. ಮನೆಯ ನೆಲವನ್ನು ಚದರ ಮೀಟರಿಗೆ 200 ಕಿಲೋದಷ್ಟು ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಬೆಂಚು ತೊಲೆಯ ಮೇಲೆ, ಗೋಡೆಗೆ ತಗುಲಿಕೊಂಡು ಇರಬೇಕೆಂದು ಕಟ್ಟಡದ ಇಂಜಿನಿಯರನ್ನು ಕೇಳಿಯೇ ಜಾಗ ಗೊತ್ತು ಮಾಡಿದ್ದೆವು. ಹೊರಚಾಚಿದ ಬಾಲ್ಕನಿಯಲ್ಲಿ ಇಡಿ ಎಂದು ಯಾರು ಕೇಳಿದರೂ ಒಪ್ಪುವುದಿಲ್ಲ.

ಎಡಗಾಲಿನ ಕೆಳಗೆ ನೆಲ 3 ಮಿ.ಮೀ. ತಗ್ಗಿತ್ತು. ಕಾಲಿನಡಿ ರಬ್ಬರ್ ಹಾಳೆ ಕೊಟ್ಟು ಮಟ್ಟ ಮಾಡಿ, ಹಲಗೆ ಇಳಿಸಿ, ಕಡಿಮೆ ಆಳದ ತುದಿಯಲ್ಲಿ ಒಂದು ಲೋಟ ನೀರು ಸುರಿದೆವು. ನೀರು ತಗ್ಗಿನ ನಡುವೆಯೇ ಹರಿದು ಆಚೆ ತುದಿಗೆ ಬಂದು, ಕೆಳಗಿನ ತೋಡಿನ ಅಂಚಿಗೆ ನಿಂತು, ಅಲ್ಲಿಟ್ಟಿದ್ದ ಪಾತ್ರೆಗೆ ತೊಟ್ಟಿಕ್ಕಿತು. ಕಾಲಿನ ಸಂದಿ ಒಣಗಿಯೇ ಇತ್ತು. ಹಲಗೆ ಎತ್ತುವ ಕ್ರಮ, ಗೂಟಗಳ ಜಾಗ, ಸೀಲರಿನ ಹೆಸರು, ಎರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕೆಂಬುದು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟೆವು. ತೊಳೆಯಲು ಬರೀ ನೀರು, ಬೇಕಿದ್ದರೆ ಚೂರು ಪಾತ್ರೆ ತೊಳೆಯುವ ಸೋಪು. ಆಸಿಡ್ ಬೇಡವೆಂದು ದಪ್ಪಕ್ಷರದಲ್ಲಿ ಬರೆದಿದ್ದೇವೆ. ಕಣ್ಣಿಗೆ ಕಾಣದ ಸಣ್ಣ ಗುಳ್ಳೆಗಳಲ್ಲಿ ಸುಣ್ಣದ ಹರಳಿದ್ದರೆ ಆಸಿಡ್ ಅದನ್ನು ತಿಂದು ಸೂಜಿ ಚುಚ್ಚಿದಂಥ ತೂತು ಬಿಡುತ್ತದೆ.